ಹೆಡ್‌ಲೈಟಿನೊಳಗಿನ ಫಾಸ್ಟ್ಯಾಗು

ನನ್ನ ಬೈಕಿನ ಹೆಡ್‌ಲೈಟಿನ ಗಾಜಿಗೆ ಒಂದು ಫಾಸ್ಟ್ಯಾಗ್ ಅಂಟಿಸಿದೆ. ಹೊರಗಲ್ಲ, ಗಾಜಿನ ಒಳಗೆ. ಬಂಗಾರಪೇಟೆ ಸ್ಟೇಷನ್ ಮುಂದೆ ಗಾಡಿ ನಿಲ್ಲಿಸಿ ಒಂದು ಟೀ ಕುಡಿಯುವಷ್ಟರಲ್ಲಿ ಇಬ್ಬರಾದರೂ ಅದನ್ನು ಬಗ್ಗಿ ನೋಡುತ್ತಾರೆ. ಒಬ್ಬ ನಗುತ್ತಾನೆ, ಇನ್ನೊಬ್ಬ ಬುದ್ಧಿ ಹೇಳುತ್ತಾನೆ.

"ತಾತಾ, ಬೈಕಿಗೆ ಟೋಲ್ ಇಲ್ಲ, ಗೊತ್ತಾ?"

ಗೊತ್ತು ಸ್ವಾಮಿ. ಊರಿಗೆಲ್ಲಾ ಗೊತ್ತಿರುವುದು ನನಗೊಬ್ಬನಿಗೆ ಗೊತ್ತಿರದೆ ಇರುತ್ತದೆಯೇ? ಟೋಲ್ ಕಟ್ಟಬೇಕಲ್ಲಾ ಅಂತ ಕಾರಿನವರು ಅಳುತ್ತಾರೆ, ಲಾರಿಯವರು ಬೈಯುತ್ತಾರೆ. ನನ್ನ ಗೋಳು ತಿರುಗಾಮುರುಗಾ. ನನ್ನ ಹತ್ತಿರ ಯಾರೂ ಟೋಲ್ ಕೇಳುವುದಿಲ್ಲವಲ್ಲಾ ಎಂಬುದೇ ನನ್ನ ದುಃಖ. ನಗಬೇಡಿ, ಪೂರ್ತಿ ಕೇಳಿ. ಆಮೇಲೆ ಬೇಕಾದರೆ ನಗಿ, ನಾನೂ ಸೇರಿಕೊಳ್ಳುತ್ತೇನೆ.

ನನ್ನ ಮಗಳ ಮಗಳು ಪವಿತ್ರ. ಅವಳ ಅಪ್ಪ ಅಮ್ಮ ಇಬ್ಬರೂ ಬೆಳಗಿನ ರೈಲು ಹಿಡಿದು ಕೆಲಸಕ್ಕೆ ಹೋಗುವವರಾದ್ದರಿಂದ ಹುಡುಗಿ ಬೆಳೆದದ್ದೆಲ್ಲ ಕೋರಮಂಡಲ್‌ನ ಗಣಿ ಕೆಲಸದವರ ಸಾಲುಮನೆಗಳಲ್ಲಿ, ನಮ್ಮ ಲೈನ್ ಮನೆಯಲ್ಲಿ, ನನ್ನ ಹೆಗಲ ಮೇಲೆ. ಆ ಪವಿತ್ರಳಿಗೆ ಹೆದ್ದಾರಿಯ ಟೋಲ್ ಗೇಟಿನಲ್ಲಿ ಕೆಲಸ ಸಿಕ್ಕಿತು. ನೀಲಿ ಶರ್ಟು, ತಲೆಗೆ ಟೋಪಿ, ಕೊರಳಿಗೆ ಫೋಟೋ ಇರುವ ಕಾರ್ಡು. ಐದನೇ ಸಾಲಿನ ಗಾಜಿನ ಗೂಡು ಅವಳದು. ಅವಳ ಬೆರಳು ತಾಗಿದರೆ ಅಡ್ಡಗಂಬ ಏಳಬೇಕು. ಹದಿನಾರು ಚಕ್ರದ ಲಾರಿಯೇ ಆಗಲಿ, ಮಂತ್ರಿಯ ಕಾರೇ ಆಗಲಿ, ನಮ್ಮ ಪವಿತ್ರ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸುದ್ದಿ ಕೇಳಿದ ದಿನ ನಾನು ಲೈನಿನ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬಂದೆ. ವಾಪಸ್ ಬರುವಾಗ ಅದೇ ಮನೆಗಳಿಗೆ ಇನ್ನೊಂದು ಸಲ ಹೇಳಿದೆ. ನನ್ನ ಹೆಂಡತಿ ಗಂಗಮ್ಮ ಬಾಗಿಲಲ್ಲಿ ನಿಂತು, "ಸಾಕು ಬಾ ಒಳಕ್ಕೆ. ಮಾರಮ್ಮನ ಮುಂದೆ ತಮಟೆ ಒಡೆಯೋನೂ ಇಷ್ಟು ಸಾರಾಕಿಲ್ಲ" ಎಂದಳು. ಆದರೆ ಅವಳೂ ನೀರಿನ ನಲ್ಲಿಯ ಹತ್ತಿರ ಅರ್ಧ ಗಂಟೆ ಖಾಲಿ ಬಿಂದಿಗೆ ಹಿಡಿದು ಅದನ್ನೇ ಸಾರುತ್ತಿದ್ದದ್ದನ್ನು ನಾನು ಕಂಡಿದ್ದೇನೆ.

ಒಂದೇ ಒಂದು ಷರತ್ತು. ಮೂರು ತಿಂಗಳು ಕೆಲಸ ನೋಡುತ್ತಾರೆ. ಅಷ್ಟರಲ್ಲಿ ಏನಾದರೂ ಎಡವಟ್ಟಾದರೆ ಟೋಪಿ ವಾಪಸ್. ನೆಂಟರು ಇಷ್ಟರು ಗೇಟಿಗೆ ಬಂದು ಮಾತಾಡಿಸುವಂತಿಲ್ಲ, ಗುರುತಿನವರೆಂದು ಯಾರನ್ನೂ ಬಿಡುವಂತಿಲ್ಲ. ಪವಿತ್ರ ಇದನ್ನು ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾಕೆ ನೋಡಿದಳೋ.

ಎರಡನೇ ದಿನವೇ ಇಸ್ತ್ರಿ ಶರ್ಟು ಹಾಕಿಕೊಂಡು ಬೈಕಿನಲ್ಲಿ ಹೋದೆ. ಮಾತಾಡಿಸುವುದಕ್ಕಲ್ಲ, ಸುಮ್ಮನೆ ಅವಳ ಗೇಟು ದಾಟುವುದಕ್ಕೆ. ಅಲ್ಲಿ ನೋಡಿದರೆ ಬೈಕಿನವರಿಗೆ ಗೇಟೇ ಇಲ್ಲ! ಎಡಗಡೆ ಕೊನೆಯಲ್ಲಿ ಎರಡು ಡ್ರಮ್ಮು ಇಟ್ಟು ನಡುವೆ ಒಂದು ಸಂದಿ ಬಿಟ್ಟಿದ್ದಾರೆ. ಆ ಸಂದಿಯಲ್ಲಿ ಒಂದು ನಾಯಿ ಮಲಗಿತ್ತು. ತಡೆಯುವವರಿಲ್ಲ, ಕೇಳುವವರಿಲ್ಲ, ನಾಯಿ ಕೂಡ ತಲೆ ಎತ್ತಲಿಲ್ಲ. ಐದನೇ ಸಾಲು ದೂರದಲ್ಲಿ, ಲಾರಿಗಳ ಆಚೆ. ನೀಲಿ ಟೋಪಿಯ ಅಂಚೂ ಕಾಣಲಿಲ್ಲ. ಗಾಳಿ ಬೇಲಿ ದಾಟಿದ ಹಾಗೆ ದಾಟಿಬಿಟ್ಟೆ.

ಇದರಲ್ಲಿ ಬೇಜಾರಿಗೇನಿದೆ ಅನ್ನುತ್ತೀರಿ. ಹೇಳುತ್ತೇನೆ.

ನಮ್ಮಪ್ಪ ಕಾಮಸಮುದ್ರದ ಆಚೆ ಒಂದು ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ. ಮೂವತ್ತು ಕುರಿ. ಸಾಯಂಕಾಲ ಹಟ್ಟಿಯ ಬಾಯಿಗೆ ತನ್ನ ಕೋಲನ್ನು ಅಡ್ಡ ಹಿಡಿದು ನಿಲ್ಲುತ್ತಿದ್ದ. ಒಂದು ಕುರಿ ಬಂದರೆ ಕೋಲು ಏಳುತ್ತಿತ್ತು, ಅದು ಒಳಗೆ ಹೋದ ಮೇಲೆ ಇಳಿಯುತ್ತಿತ್ತು. ಒಂದು, ಎರಡು, ಮೂರು. ಆ ಕೋಲು ದಾಟಿ ಲೆಕ್ಕಕ್ಕೆ ಸಿಕ್ಕರೆ ಮಾತ್ರ ಅದು ನಮ್ಮ ಕುರಿ. ಪಕ್ಕದ ಬೇಲಿಯ ಸಂದಿಯಲ್ಲಿ ನುಗ್ಗಿದ್ದು ಯಾರದ್ದೋ ಏನೋ! ಆರೇಳು ವರ್ಷದವನಾಗಿದ್ದಾಗ ನಾನೂ ಕುರಿಗಳ ನಡುವೆ ಅಂಬೆಗಾಲಿಟ್ಟುಕೊಂಡು ಕೊನೆಯಲ್ಲಿ ಹೋಗುತ್ತಿದ್ದೆ. ಮೈಯೆಲ್ಲ ಹಿಕ್ಕೆ, ಕೂದಲೆಲ್ಲ ಉಣ್ಣೆ. ಅಪ್ಪ ನಗುತ್ತಿರಲಿಲ್ಲ. ನಗುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕೋಲಿನ ತುದಿಯನ್ನು ನನ್ನ ನೆತ್ತಿಗೆ ತಾಗಿಸಿ ಗಂಭೀರವಾಗಿ "ಮೂವತ್ತೊಂದು" ಅನ್ನುತ್ತಿದ್ದ. ಒಳಗೆ ಹೋಗಿ ಅಮ್ಮನಿಗೂ, "ಮೂವತ್ತೊಂದೂ ಬಂದ್ವು ಕಣಮ್ಮೀ" ಎಂದು ವರದಿ ಒಪ್ಪಿಸುತ್ತಿದ್ದ. ಅಪ್ಪ ನನ್ನನ್ನು ಮುದ್ದು ಮಾಡಿದ್ದು ಅಷ್ಟೇ. ಅಷ್ಟು ಸಾಕಾಗಿತ್ತು.

ಈಗ ಹೇಳಿ. ಮೊಮ್ಮಗಳು ಕೋಲು ಹಿಡಿದು ನಿಂತಿದ್ದಾಳೆ, ತಾತ ಬೇಲಿ ಸಂದಿಯಲ್ಲಿ ನುಗ್ಗಬೇಕೇ?

ಲೆಕ್ಕದ ಹುಚ್ಚು ನನಗೆ ಅಲ್ಲಿಂದಲೇ ಹತ್ತಿದ್ದು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು, ಮೀಸೆ ಬಂದ ಮೇಲೆ ಚಿನ್ನದ ಗಣಿ ಸೇರಿದೆ. ಗಣಿ ಮುಚ್ಚುವ ತನಕ ನನ್ನ ಕೆಲಸ ಗಂಟೆ ಬಾರಿಸುವುದು. ದೇವಸ್ಥಾನದ ಗಂಟೆಯಲ್ಲ, ಗಣಿ ಬಾಯಿಯ ಗಂಟೆ. ಕಬ್ಬಿಣದ ಕೇಜಿನಲ್ಲಿ ಜನ ಕೆಳಗಿಳಿಯುತ್ತಿದ್ದರಲ್ಲ, ಆ ಕೇಜಿನ ಹಗ್ಗ ಎಳೆಯುವ ಎಂಜಿನ್ ಡ್ರೈವರು ಕೂತಿರುತ್ತಿದ್ದದ್ದು ಬೇರೆ ಕಟ್ಟಡದಲ್ಲಿ. ಹಗ್ಗದ ತುದಿಯಲ್ಲಿ ಏನಿದೆ ಅಂತ ಅವನಿಗೆ ಕಾಣುವುದಿಲ್ಲ. ನನ್ನ ಗಂಟೆಯೇ ಅವನ ಕಣ್ಣು. ಒಂದು ಬಾರಿಸಿದರೆ ನಿಲ್ಲು. ಎರಡು ಬಾರಿಸಿದರೆ ಕೆಳಗಿಳಿಸು. ಮೂರು ಬಾರಿಸಿದರೆ, ಒಳಗಿರುವುದು ಕಲ್ಲಲ್ಲಪ್ಪಾ, ಮನುಷ್ಯರು, ಜೋಪಾನ. ನಾನು ಮೂರು ಬಾರಿಸಿದರೆ ಡ್ರೈವರು ಅಲ್ಲಿಂದ ತಿರುಗಿ ಮೂರು ಬಾರಿಸಬೇಕು. ಕೇಳಿಸಿತು, ನೋಡಿಕೊಳ್ಳುತ್ತೇನೆ ಅಂತ. ಆ ಮೂರು ತಿರುಗಿ ಬರುವ ತನಕ ಒಂದು ಇಂಚೂ ಕದಲುವಂತಿಲ್ಲ.

ಪವಿತ್ರ ಹುಟ್ಟುವ ಹೊತ್ತಿಗೆ ಗಣಿ ಮುಚ್ಚಿತ್ತು. ಗಂಟೆ ಬಾರಿಸುವ ಕೈ ಸುಮ್ಮನಿರುತ್ತದೆಯೇ? ತೊಲೆಗೆ ಗಂಗಮ್ಮನ ಹಳೇ ಸೀರೆ ಕಟ್ಟಿ ಉಯ್ಯಾಲೆ ಮಾಡಿದೆ. ಅದೇ ಕೇಜು. ತಟ್ಟೆಯ ಮೇಲೆ ಚಮಚದಲ್ಲಿ ಎರಡು ಬಡಿದರೆ ಕೂಸು ಕೆಳಗೆ, ಒಂದು ಬಡಿದರೆ ನಿಂತಳು. ಮೂರು ಬಡಿದರೆ ಅವಳು ತನ್ನ ಪುಟ್ಟ ಲೋಟದಿಂದ ಮೂರು ಬಡಿಯಬೇಕು, ಆಮೇಲೆ ನಾನು ಮೆಲ್ಲಗೆ ತೂಗಬೇಕು. ಅನ್ನ ತಿನ್ನಿಸಬೇಕಾದರೂ ಗಂಟೆ ಬೇಕು. ಒಂದು ಬಾರಿಸಿದರೆ ಮುಗಿಯಿತು, ಬಾಯಿ ಮುಚ್ಚಿಬಿಡುತ್ತಿದ್ದಳು. ಗಂಗಮ್ಮ, "ಕೂಸಿಗೆ ಅಆಇಈ ಕಲ್ಸೋ ಅಂದ್ರೆ ಟಣ್ ಟಣ್ ಕಲ್ಸೋನೆ" ಎಂದು ತಟ್ಟೆ ಕಿತ್ತುಕೊಂಡು ಹೋಗುತ್ತಿದ್ದಳು. ಇನ್ನೊಂದು ಮಾತು, ಇದನ್ನು ನೆನಪಿಡಿ: ಪವಿತ್ರ ಸುಳ್ಳು ಹೇಳುವಾಗ ಮೂಗಿನ ತುದಿ ಉಜ್ಜಿಕೊಳ್ಳುತ್ತಾಳೆ. ಬೆಲ್ಲದ ಡಬ್ಬಿಗೆ ಕಳ್ಳಗೈ ಹಾಕುತ್ತಿದ್ದ ಕಾಲದಿಂದಲೂ ಅದೇ ಚಾಳಿ.

ಸರಿ, ಫಾಸ್ಟ್ಯಾಗಿಗೆ ಬರೋಣ. ಸಂದಿಯಲ್ಲಿ ನುಗ್ಗಿದ ಕೊರಗಿನಲ್ಲೇ ಒಂದೂವರೆ ತಿಂಗಳು ಕಳೆದ ಮೇಲೆ ಉಪಾಯ ಹೊಳೆಯಿತು. ಕಾರುಗಳ ಮುಂಗಾಜಿಗೆ ಅಂಟಿಸುವ ಆ ಚೀಟಿಯನ್ನು ಕಂಡರೆ ಗೇಟಿನ ಯಂತ್ರ ಕುಂಯ್ ಅನ್ನುತ್ತದೆ, ಕಂಬ ಏಳುತ್ತದೆ. ಹಾಗಾದರೆ ನನಗೂ ಒಂದು ಚೀಟಿ ಇದ್ದರೆ ಐದನೇ ಸಾಲಿನಲ್ಲಿ ರಾಜನ ಹಾಗೆ ಹೋಗಬಹುದಲ್ಲ! ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿಯ ಪಕ್ಕ ಛತ್ರಿ ಹಾಕಿಕೊಂಡು ಫಾಸ್ಟ್ಯಾಗ್ ಮಾರುವವನೊಬ್ಬ ಕೂರುತ್ತಿದ್ದ. ನಲವತ್ತು ದಾಟಿದ, ಬೊಜ್ಜು ಬಂದ ಮನುಷ್ಯ.

"ಒಂದು ಕೊಡಪ್ಪಾ."

"ಯಾವ ಕಾರು ತಾತಾ?"

"ಕಾರಲ್ಲ. ಬೈಕು."

ಅವನು ತಿನ್ನುತ್ತಿದ್ದ ಪೂರಿ ಕೆಳಗಿಟ್ಟ. "ಏಂ ತಾತಾ, ಪೊದ್ದುನ್ನೇ, ಬೆಳಗ್ಗೆಬೆಳಗ್ಗೇನೇ ಜೋಕಾ? ಬೈಕಿಗೆ ಕೊಡಂಗಿಲ್ಲ. ಬೈಕಿಗೆ ಫ್ರೀ."

"ಫ್ರೀ ಬ್ಯಾಡ ನಂಗೆ."

"ಫ್ರೀ ಬ್ಯಾಡ ಅನ್ನೋರ್ನ ಇವತ್ತೇ ನಾನು ನೋಡಿದ್ದು" ಎಂದು ಪಾನಿಪುರಿಯವನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ನಾನು ಕದಲಲಿಲ್ಲ. ಛತ್ರಿಯ ನೆರಳಿನಲ್ಲೇ ಕುಕ್ಕರುಗಾಲಲ್ಲಿ ಕೂತು ಕುರಿ, ಗಣಿ, ಉಯ್ಯಾಲೆ ಎಲ್ಲವನ್ನೂ ಹೇಳಿದೆ. ನಿಮಗೆ ಹೇಳಿದ್ದಕ್ಕಿಂತ ಉದ್ದವಾಗಿ ಹೇಳಿದೆ. ಅವನ ಗಿರಾಕಿಗಳು ಬಂದು ಕಾದು ಹೋದರು. ಕೊನೆಗೆ ಅವನು ಡಬ್ಬಿಯ ತಳ ಕೆದಕಿ ಒಂದು ಸುಕ್ಕಾದ ಚೀಟಿ ತೆಗೆದ.

"ತಗಾ. ಯಾರೋ ಮಾರಿದ ಕಾರಿಂದ ಕಿತ್ತಿದ್ದು. ಇದು ಕೆಲ್ಸ ಮಾಡಾಕಿಲ್ಲ, ಮೊದ್ಲೇ ಏಳ್ತಾ ಇವ್ನಿ. ಇದ್ರಾಗೆ ಜೀವ ಇಲ್ಲ."

"ನನ್ನ ಬೈಕಾಗೂ ಇಲ್ಲ. ಆದ್ರೂ ಓಡ್ತೈತಲ್ಲ" ಎಂದೆ. "ಎಲ್ಲಿ ಅಂಟ್ಸೋದು?"

"ಗಾಜಿಗೆ. ಒಳಗಡೆಯಿಂದ. ಒಳಗಡೆ ಮಾತ್ರ, ತಿಳೀತಾ?" ಎಂದು ಅವನು ಅಭ್ಯಾಸಬಲದಿಂದ ಹೇಳಿದ. ಹೇಳಿಬಿಟ್ಟು ನನ್ನ ಬೈಕಿನ ಕಡೆ ನೋಡಿ ತಲೆ ಚಚ್ಚಿಕೊಂಡ.

ಸೀದಾ ಸೆಲ್ವರಾಜನ ಹತ್ತಿರ ಹೋದೆ. ಗಣಿಯಲ್ಲಿ ಜೊತೆಗಿದ್ದವನು, ಈಗ ಕೋರಮಂಡಲ್‌ನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ನನ್ನ ಗಾಡಿಯನ್ನು ಎರಡು ಸುತ್ತು ಸುತ್ತಿದ.

"ಡೇಯ್, ಉನ್ ವಂಡಿಲೆ ಗ್ಲಾಸ್ ಎಂಗೆಡಾ? ಗಾಜೇ ಇಲ್ದಿರೋ ಗಾಡಿಗೆ ಎಲ್ಲಿ ಅಂಟ್ಸಲಿ, ನಿನ್ ಕನ್ನಡಕಕ್ಕಾ?"

ಕನ್ನಡಕವೂ ಒಳ್ಳೆಯ ಯೋಚನೆಯೇ. ಹಾಕಿ ನೋಡಿದೆವು. ಒಂದು ಕಣ್ಣು ಪೂರ್ತಿ ಮುಚ್ಚಿಹೋಯಿತು. ಹಿಂದೆ ನೋಡುವ ಕನ್ನಡಿಗೆ ಹಿಡಿದೆವು, ಅದು ಹಿಂದಿನವರಿಗೆ ಟೋಲ್ ಆಯಿತೇ ಹೊರತು ನನಗಲ್ಲ. ಆಗ ಇಬ್ಬರ ಕಣ್ಣೂ ಒಟ್ಟಿಗೆ ಹೆಡ್‌ಲೈಟಿನ ಮೇಲೆ ಬಿತ್ತು. ಇದ್ದ ಗಾಜು ಅದೊಂದೇ. ಒಳಗಡೆ ಎಂದಿದ್ದಾನಲ್ಲ, ಒಳಗಡೆಯೇ ಆಗಲಿ. ಸೆಲ್ವರಾಜ ಚಾಕು ಬಿಸಿ ಮಾಡಿ ಗಾಜನ್ನು ಬಿಡಿಸಿದ. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೇಡ್ ದಿಬ್ಬದಿಂದ ಹಾರಿಬಂದ ಧೂಳು ಒಳಗೆ ಬೊಗಸೆಯಷ್ಟು ಕೂತಿತ್ತು, ಅದನ್ನು ಬನಿಯನ್ನಿನಿಂದ ಒರೆಸಿದ. ಪಂಕ್ಚರ್ ಸೊಲ್ಯೂಷನ್ ಹಚ್ಚಿ ಚೀಟಿಯನ್ನು ನಟ್ಟನಡುವೆ ಅಂಟಿಸಿದ. ಮತ್ತೆ ಕೂಡಿಸಿ ಲೈಟು ಹಾಕಿದರೆ ಎದುರು ಗೋಡೆಯ ಮೇಲೆ ದುಂಡಗಿನ ಬೆಳಕು, ಅದರ ನಡುವೆ ಕರ್ರಗೆ ಒಂದು ಚೌಕ. ಇಬ್ಬರೂ ಅದನ್ನೇ ಸ್ವಲ್ಪ ಹೊತ್ತು ನೋಡಿದೆವು.

"ನಮ್ಮ ಕೇಜ್ ಮಾದಿರಿ ಇರುಕ್ಕುಡಾ, ಕೇಜಿನಂಗೇ ಐತೆ" ಎಂದ ಸೆಲ್ವರಾಜ, ಮೆಲ್ಲಗೆ.

ಗಂಗಮ್ಮ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನೋಡು, ಕೂಸಿನ ಕೆಲ್ಸಕ್ಕೆ ಕಲ್ಲು ಆಕ್ಬ್ಯಾಡ. ಇನ್ನೂ ಒಂದೂವರೆ ತಿಂಗ್ಳೈತೆ" ಎಂದಳು.

"ನಾನೇನು ಮಾತಾಡ್ಸಾಕೆ ಓಯ್ತಿದ್ದೀನಾ? ಅವಳ ಗೇಟಾಗೆ ನುಗ್ಗಿ ಅತ್ಲಾಗೆ ಓಯ್ತೀನಿ ಅಷ್ಟೇಯಾ."

"ಅಂಗಾದ್ರೆ ನಾನೂ ಬತ್ತೀನಿ" ಎಂದಳು. ಬುದ್ಧಿ ಹೇಳುವವರ ಯೋಗ್ಯತೆ ಇದು.

ಮಾರನೇ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದೆವು. ಎಡಗಡೆಯ ಸಂದಿ ಬಿಟ್ಟು ಐದನೇ ಸಾಲಿಗೆ ತಿರುಗಿಸಿದೆ. ಮುಂದೆ ಟೊಮೆಟೊ ಟೆಂಪೊ. ಅದಕ್ಕೆ ಕುಂಯ್ ಅಂದಿತು, ಕಂಬ ಎದ್ದಿತು, ಇಳಿಯಿತು. ಈಗ ನನ್ನ ಸರದಿ. ಹೆಡ್‌ಲೈಟನ್ನು ಯಂತ್ರದ ನೇರಕ್ಕೆ ಹಿಡಿದೆ. ಸದ್ದಿಲ್ಲ. ಸ್ವಲ್ಪ ಮುಂದೆ ತಂದೆ, ಸ್ವಲ್ಪ ಹಿಂದೆ ತಳ್ಳಿದೆ. ಹ್ಯಾಂಡಲ್ ಆ ಕಡೆ ಈ ಕಡೆ ಆಡಿಸಿದೆ. "ಲೈಟಾಕಿ ನೋಡು" ಎಂದಳು ಗಂಗಮ್ಮ. ಹಾಕಿದೆ. ಸುಟ್ಟ ರಬ್ಬರಿನ ವಾಸನೆ ಬಂತೇ ಹೊರತು ಕುಂಯ್ ಬರಲಿಲ್ಲ. ಅಷ್ಟರಲ್ಲಿ ನನ್ನ ಬೆನ್ನಿಗೆ ಒಂದು ಲಾರಿ ಬಂದು ನಿಂತಿತು, ಅದರ ಬೆನ್ನಿಗೆ ಇನ್ನೊಂದು. ಹಾರ್ನು ಶುರುವಾಯಿತು.

ಗಾಜಿನ ಗೂಡಿನೊಳಗೆ ಪವಿತ್ರ ನನ್ನನ್ನು ನೋಡಿದಳು. ಅವಳ ಕಣ್ಣು ಎಷ್ಟು ದೊಡ್ಡವು ಅಂತ ನನಗೆ ಆವತ್ತೇ ಗೊತ್ತಾದದ್ದು.

ಸೂಪರ್‌ವೈಸರು ಸೀಟಿ ಊದುತ್ತಾ ಓಡಿಬಂದ. "ಏನ್ರೀ ಯಜಮಾನ್ರೇ, ಟೂವೀಲರ್ ಎಡಗಡೆ ಅಂತ ಅಷ್ಟು ದೊಡ್ಡ ಬೋರ್ಡ್ ಇದೆ, ಕಣ್ಣು ಕಾಣ್ಸಲ್ವಾ? ಏನಿದು ಲೈಟೊಳಗೆ? ಫಾಸ್ಟ್ಯಾಗಾ? ಅಯ್ಯೋ ದೇವ್ರೇ!" ನಂಬರ್ ಪ್ಲೇಟು ನೋಡಿದ, ಗೂಡಿನ ಕಡೆ ತಿರುಗಿದ. "ಪವಿತ್ರಾ, ನಿಮ್ ಕಡೆ ಗಾಡಿ. ಇವ್ರು ನಿಂಗೊತ್ತಾ?"

ಗಂಗಮ್ಮ ಹಿಂದಿನ ದಿನ ಹೇಳಿದ್ದ ಮಾತು ಆಗ ಕಿವಿಗೆ ಬಂತು. ಗೊತ್ತು ಅಂದರೆ ಅವಳ ಟೋಪಿ ಹೋಯಿತು. ಹುಡುಗಿ ಮೂಗಿನ ತುದಿ ಉಜ್ಜಿಕೊಂಡಳು.

"ಗೊತ್ತಿಲ್ಲ ಸಾರ್."

ಭೇಷ್ ಅಂತ ಕೂಗಬೇಕೆನ್ನಿಸಿತು. ಬದಲಿಗೆ, "ನಂಗೂ ಗೊತ್ತಿಲ್ಲ ಸಾಮಿ ಆ ಹುಡ್ಗಿ" ಎಂದೆ.

"ನಿಮ್ಮನ್ನ ಯಾರು ಕೇಳಿದ್ರು? ಈಯಮ್ಮ ಯಾರು?"

ಸುಳ್ಳು ಒಂದು ಸಲ ಶುರುವಾದರೆ ಇಳಿಜಾರಿನಲ್ಲಿ ಬಿಟ್ಟ ಟೈರಿನ ಹಾಗೆ. "ಗೊತ್ತಿಲ್ಲ. ದಾರಿಯಾಗೆ ಡ್ರಾಪ್ ಕೇಳಿದ್ರು, ಅತ್ತುಸ್ಕೊಂಡೆ" ಎಂದೆ. ಹಿಂದಿನಿಂದ ನನ್ನ ಪಕ್ಕೆಗೆ ಬಿದ್ದ ತಿವಿತ ಇವತ್ತಿಗೂ ಚಳಿಗೆ ನೋಯುತ್ತದೆ. ನಲವತ್ತೆಂಟು ವರ್ಷದ ಸಂಸಾರ!

ಹಿಂದಕ್ಕೆ ಹೋಗೋಣವೆಂದರೆ ಲಾರಿ. ಪಕ್ಕಕ್ಕೆ ಹೋಗೋಣವೆಂದರೆ ಸಿಮೆಂಟಿನ ಕಟ್ಟೆ. ಇದ್ದ ದಾರಿ ಒಂದೇ. ಸೂಪರ್‌ವೈಸರು ಸೋತು ಕೈಯಾಡಿಸಿದ. "ಎತ್ತಮ್ಮಾ ಕಂಬ, ತೊಲಗ್ಲಿ. ಲೈನೆಲ್ಲಾ ಜಾಮ್ ಆಗೋಯ್ತು."

ಪವಿತ್ರಳ ಬೆರಳು ಗುಂಡಿಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು, ನನ್ನ ಕಡೆ ನೋಡದೆ, ಗೂಡಿನ ತಗಡಿನ ಮೇಲೆ ಬಡಿದಳು.

ಟಣ್. ಟಣ್. ಟಣ್.

ಎರಡು ಲಾರಿಗಳ ಹಾರ್ನಿನ ನಡುವೆಯೂ ನನಗೆ ಕೇಳಿಸಿತು. ಕೇಳಿಸದೆ ಇರುತ್ತದೆಯೇ? ಒಳಗಿರುವುದು ಕಲ್ಲಲ್ಲ, ಮನುಷ್ಯರು, ಜೋಪಾನ. ಕೆಲಸ ಕೆಲಸವೇ, ತಿರುಗಿ ಬಾರಿಸದೆ ಕದಲುವಂತಿಲ್ಲ. ನನ್ನ ಬೈಕಿನ ಕೆಮ್ಮುವ ಹಾರ್ನನ್ನು ಒತ್ತಿದೆ. ಪೀಂ. ಪೀಂ. ಪೀಂ.

"ಇದೊಂದ್ ಕೇಡು!" ಎಂದ ಸೂಪರ್‌ವೈಸರು.

ಕಂಬ ಎದ್ದಿತು. ನಾನು ಮೆಲ್ಲಗೆ, ಕೇಜು ಇಳಿಯುವಷ್ಟೇ ಮೆಲ್ಲಗೆ ಗಾಡಿ ಬಿಟ್ಟೆ. ಕಂಬ ನನ್ನ ತಲೆಯ ಮೇಲೆ ಎರಡಾಳು ಎತ್ತರದಲ್ಲಿತ್ತು. ಆದರೂ ಅದರ ಕೆಳಗೆ ಬಂದಾಗ ತಲೆ ತಾನಾಗಿ ಬಗ್ಗಿತು. ಬಾಯಿಂದ "ಮೂವತ್ತೊಂದು" ಎಂದು ಬಂದುಬಿಟ್ಟಿತು.

"ಏನಂದೆ?" ಎಂದಳು ಗಂಗಮ್ಮ.

"ಏನಿಲ್ಲ."

"ದಾರಿಯಾಗೆ ಅತ್ತಿದೋಳ್ಗೆ ಯಾಕೆ ಏಳ್ತೀಯ ಬಿಡು" ಎಂದು ಸೀಟಿನ ಆ ತುದಿಗೆ ಸರಿದು ಕೂತಳು. ಮನೆ ಸೇರುವ ತನಕ ನನ್ನ ಹೆಗಲು ಹಿಡಿಯಲಿಲ್ಲ. ಮನೆಯಲ್ಲಿ ಮೂರು ದಿನ ಊಟ ಬಡಿಸುವಾಗ, "ತಗಳ್ರೀ, ನೀವ್ಯಾರೋ ಏನೋ, ಉಂಡ್ಕೊಂಡೋಗಿ" ಎಂದೇ ಬಡಿಸಿದಳು.

ಆವತ್ತು ಸಾಯಂಕಾಲ ಪವಿತ್ರ ಬಂದವಳು ಟೋಪಿಯನ್ನೂ ತೆಗೆಯದೆ ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ತಾತಾ, ಇನ್ನೊಂದ್ಸಲ ನನ್ನ ಲೈನಿಗೆ ಬಂದ್ರೆ ನಾನೇ ಪೊಲೀಸ್ರಿಗೆ ಫೋನ್ ಮಾಡ್ತೀನಿ. ತಿಳೀತಾ?" ತಿಳಿಯಿತು ಎಂದೆ. "ಅದನ್ನ ಲೈಟೊಳಗೆ ಯಾರು ಅಂಟ್ಸಿದ್ದು?" ಎಂದು ಕೇಳುವುದರೊಳಗೆ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ನೆಲದ ಮೇಲೆ ಕೂತಳು, ಟೋಪಿ ಉರುಳಿ ಮಂಚದ ಕೆಳಗೆ ಹೋಯಿತು. ಅದನ್ನು ತೆಗೆದು ಧೂಳು ಕೊಡವಿ ಕೊಟ್ಟವನು ನಾನೇ.

ಮೊನ್ನೆಗೆ ಮೂರು ತಿಂಗಳು ಮುಗಿಯಿತು. ಕೆಲಸ ಗಟ್ಟಿಯಾಯಿತು, ಕಾಗದ ಬಂದಿದೆ. ನಾನು ಮತ್ತೆ ಲೈನಿನ ಈ ತುದಿಯಿಂದ ಆ ತುದಿಯವರೆಗೆ ಹೋಗಿ ಬಂದಿದ್ದೇನೆ. ನಿಮಗೂ ಹೇಳಿದೆ, ಇನ್ನು ಯಾರೂ ಬಾಕಿ ಇಲ್ಲ.

ಮಾತು ಕೊಟ್ಟ ಹಾಗೆ ಐದನೇ ಸಾಲಿಗೆ ಮತ್ತೆ ಹೋಗಿಲ್ಲ. ಆ ಕಡೆ ಕೆಲಸವಿದ್ದಾಗ (ಕೆಲಸ ಮಾಡಿಕೊಂಡರೆ ಇರುತ್ತದೆ) ಎಡಗಡೆಯ ಸಂದಿಯಲ್ಲೇ ಹೋಗುತ್ತೇನೆ. ನಾಯಿ ಈಗ ಬಾಲ ಆಡಿಸುತ್ತದೆ. ಅಲ್ಲಿ ನಿಂತು ಮೂರು ಸಲ ಹಾರ್ನು ಒತ್ತುತ್ತೇನೆ. ಲಾರಿಗಳ ಆಚೆ, ಐದನೇ ಸಾಲಿನಿಂದ, ತಗಡಿನ ಮೇಲೆ ಪೆನ್ನು ಮೂರು ಸಲ ಬಡಿದದ್ದು ಕೇಳಿಸಿದ ಮೇಲೆಯೇ ಕದಲುವುದು. ಸತ್ತ ಫಾಸ್ಟ್ಯಾಗು ಹೆಡ್‌ಲೈಟಿನಲ್ಲಿ ಹಾಗೇ ಇದೆ. ಇರಲಿ, ಅದರಿಂದೇನು ತೊಂದರೆ?

ನಿನ್ನೆ ಸೂಪರ್‌ವೈಸರು ಪವಿತ್ರಳನ್ನು ಕೇಳಿದನಂತೆ. "ಅಲ್ಲಮ್ಮಾ, ಆ ಲೈಟ್‌ನಲ್ಲಿ ಫಾಸ್ಟ್ಯಾಗ್ ಇಟ್ಕೊಂಡಿರೋ ಮುದುಕ ಬಂದಾಗೆಲ್ಲಾ ಯಾಕೆ ಮೂರು ಸಲ ಹಾರ್ನ್ ಹೊಡೀತಾನೆ?"

ನಮ್ಮ ಹುಡುಗಿ ಮೂಗು ಉಜ್ಜಿಕೊಂಡು ಏನೆಂದಳು ಗೊತ್ತೇ? "ಪಾಪ, ಕಿವಿ ಕೇಳ್ಸಲ್ಲ ಅನ್ಸುತ್ತೆ ಸಾರ್."

ಯಾರಿಗೆ? ನನಗೆ! ಗಣಿ ಬಾಯಲ್ಲಿ ನಿಂತು ಅಷ್ಟು ವರ್ಷ ಗಂಟೆ ಕೇಳಿದ ಈ ಕಿವಿಗೆ! ಬರಲಿ ಸಾಯಂಕಾಲ ಮನೆಗೆ. ತಟ್ಟೆ, ಚಮಚ ಎರಡನ್ನೂ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದೇನೆ. ಗಂಗಮ್ಮ ಕಾಯೊಬ್ಬಟ್ಟು ಬಡಿಸಲು ಬರುತ್ತಾಳೆ. ಮೊದಲನೇದು ಪವಿತ್ರಳ ತಟ್ಟೆಗೆ ಬಿದ್ದದ್ದೇ ತಡ, ನಿಲ್ಲು ಅಂತ ಒಂದೇ ಒಂದು ಗಂಟೆ ಬಾರಿಸುತ್ತೇನೆ.